ವರ್ಷಕ್ಕೆ ಇಷ್ಟೇ ಕಾರು ಮಾರಿ ಸ್ಪೋರ್ಟ್ಸ್ ಕಾರು ಕಂಪನಿಗೆ ಹೇಗೆ ಗಿಟ್ಟುತ್ತೆ?

ಕುಡತಿನಿ ಹುಡುಗ (ಬಳ್ಳಾರಿ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಆಟೊಮೊಬೈಲ್ ಡಿಪ್ಲೊಮಾ ಕೊನೆ ವರ್ಷದಲ್ಲಿದ್ದೇನೆ. ರಜಾ ದಿನ ಕುಡತಿನಿ ಹತ್ತಿರ ನಮ್ಮ ಮಾವನ ಪಂಕ್ಚರ್ ಅಂಗಡಿ ನೋಡಿಕೊಳ್ಳುತ್ತೇನೆ. ನಮ್ಮ ರೋಡ್ ಗೊತ್ತಲ್ವಾ, ಇಡೀ ದಿನ ಅದಿರು ಲಾರಿ, ಟ್ಯಾಂಕರ್, ಟಿಪ್ಪರ್. ಅಂಗಡಿ ಮುಂದಿನ ಬೇವಿನ ಮರದ ಎಲೆ ಕೂಡ ಕೆಂಪಗಾಗಿದೆ.

ಹೋದ ಭಾನುವಾರ ಬೆಳಗ್ಗೆ ಏಳೂವರೆಗೆ ಒಂದು ಬಿಎಂಡಬ್ಲ್ಯು ಝಡ್4 ಬಂದು ನಿಂತಿತು. ಬೆಂಗಳೂರಿನವರು, ಹಂಪಿಗೆ ಹೊರಟಿದ್ದರು. ಡ್ಯಾಶ್‌ಬೋರ್ಡಿನಲ್ಲಿ ಗಾಳಿ ಕಡಿಮೆ ಅಂತ ತೋರಿಸುತ್ತಿದೆ, ಸ್ವಲ್ಪ ನೋಡಪ್ಪ ಅಂದರು. ನಾನು ಲಾರಿ ಟೈರಿಗೆ ನಿಂತುಕೊಂಡೇ ಗಾಳಿ ಹಾಕುವವನು. ಈ ಕಾರಿಗೆ ಕುಕ್ಕರಗಾಲಲ್ಲಿ ಕೂರಬೇಕಾಯಿತು. ಮುಂದಿನ ಟೈರಿಗಿಂತ ಹಿಂದಿನದು ಅಗಲ. ಬಾನೆಟ್ ಎಷ್ಟು ಉದ್ದ ಅಂದರೆ, ಮುಂದಿನ ಚಕ್ರದಿಂದ ಬಾಗಿಲಿನವರೆಗೆ ನಾನು ಎರಡು ಹೆಜ್ಜೆ ಇಟ್ಟೆ. ಗಾಳಿ ಹಾಕಿದ ಮೇಲೆ ಅವರೇ ಬಾ ಅಂತ ಕರೆದು ಎರಡು ನಿಮಿಷ ಒಳಗೆ ಕೂರಿಸಿದರು. ನೆಲದ ಮೇಲೇ ಕೂತಂತೆ. ಕಾಲು ನೇರ ಮುಂದಕ್ಕೆ ಚಾಚಬೇಕು. ಬಟನ್ ಒತ್ತಿದರು, ಬಟ್ಟೆಯ ಟಾಪ್ 10 ಸೆಕೆಂಡಿನಲ್ಲಿ ಮಡಚಿಕೊಂಡು ಹಿಂದೆ ಹೋಯಿತು. ಆ ಎರಡು ನಿಮಿಷ ನಾನು ಮರೆಯುವುದಿಲ್ಲ.

ಹೋಗುವ ಮುಂಚೆ ಅವರು ಒಂದು ಮಾತು ಹೇಳಿದರು. ಈ ಕಾರು ಜರ್ಮನಿಯಲ್ಲಿ ತಯಾರಾಗಿಲ್ಲ, ಆಸ್ಟ್ರಿಯಾದಲ್ಲಿ ಬೇರೆ ಒಬ್ಬರ ಕಾರ್ಖಾನೆಯಲ್ಲಿ ಆಗಿದೆ, ಟೊಯೊಟಾದ ಸ್ಪೋರ್ಟ್ಸ್ ಕಾರು ಸುಪ್ರಾ ಕೂಡ ಅಲ್ಲೇ ತಯಾರಾಗಿದ್ದು ಅಂತ. ಅವತ್ತಿನಿಂದ ತಲೆಯಲ್ಲಿ ಇದೇ ಓಡುತ್ತಿದೆ.

ನನ್ನ ಪ್ರಶ್ನೆ ಇಷ್ಟೇ. ಎರಡೇ ಸೀಟು, ಡಿಕ್ಕಿ ಚಿಕ್ಕದು, ಬೆಲೆ ಕೋಟಿ ಹತ್ತಿರ. ನಮ್ಮ ಜಿಲ್ಲೆಯಲ್ಲಿ ಇಂಥದ್ದು ಎಷ್ಟು ಮಾರಿಯಾವು? ಇಷ್ಟು ಕಡಿಮೆ ಮಾರಾಟ ಆಗುವ ಕಾರಿಗೆ ಡಿಸೈನು, ಡೈ, ಟೆಸ್ಟಿಂಗ್ ಅಂತ ಅಷ್ಟು ದುಡ್ಡು ಸುರಿದು ಕಂಪನಿಗಳು ಹೇಗೆ ಬದುಕುತ್ತವೆ? ಜಪಾನಿನ ಮಾಜ್ದಾ ಕಂಪನಿಯ ಮಿಯಾಟಾ ಅನ್ನುವ ಎರಡು ಸೀಟಿನ ಕಾರು 1989ರಿಂದ ಬರುತ್ತಲೇ ಇದೆಯಂತೆ. ನಮ್ಮ ದೇಶದಲ್ಲಿ ಯಾಕೆ ಒಂದೂ ನಿಲ್ಲಲಿಲ್ಲ? ಗೊತ್ತಿರುವವರು ಬಿಡಿಸಿ ಹೇಳಿ.

ತೋರಣಗಲ್ಲು ಶಿಫ್ಟ್:

ತಮ್ಮಾ, ನಾನು ಸ್ಟೀಲ್ ಕಡೆಯವನು. ಕಾರಿನ ಬಾಡಿಗೆ ಹೋಗುವ ತೆಳು ಶೀಟು ಕಾಯಿಲ್ ಆಗಿ ಸುತ್ತಿಕೊಂಡು ಹೋಗುವುದನ್ನು ದಿನಾ ನೋಡುತ್ತೇನೆ. ಅದಕ್ಕೇ ಲೆಕ್ಕ ಶೀಟಿನಿಂದ ಶುರು ಮಾಡುತ್ತೇನೆ.

ಶೀಟಿನ ಬೆಲೆ ದೊಡ್ಡದಲ್ಲ. ಅದನ್ನು ಒತ್ತಿ ಆಕಾರ ಕೊಡುವ ಡೈ ಇದೆಯಲ್ಲ, ಅದೇ ದುಬಾರಿ. ಒಂದು ಸೈಡ್ ಪ್ಯಾನೆಲ್ ಒಂದೇ ಏಟಿಗೆ ಆಗುವುದಿಲ್ಲ. ಮೊದಲು ಎಳೆಯಬೇಕು, ಆಮೇಲೆ ಅಂಚು ಕತ್ತರಿಸಬೇಕು, ಆಮೇಲೆ ಮಡಚಬೇಕು, ತೂತು ಹಾಕಬೇಕು. ಒಂದೊಂದಕ್ಕೂ ಬೇರೆ ಡೈ. ಟನ್‌ಗಟ್ಟಲೆ ತೂಕ, ಕೋಟಿಗಟ್ಟಲೆ ಖರ್ಚು. ಹತ್ತು ಕಾರು ಮಾಡಿದರೂ ಅದೇ ಡೈ, ಲಕ್ಷ ಕಾರು ಮಾಡಿದರೂ ಅದೇ ಡೈ.

ಸುಮ್ನೆ ಲೆಕ್ಕಕ್ಕೆ ಹಿಡಿದುಕೋ, ಒಂದು ಹೊಸ ಕಾರಿಗೆ 500 ಕೋಟಿ ಹಾಕಿದರು ಅಂತ. 10,000 ಕಾರು ಮಾರಿದರೆ ಒಂದೊಂದರ ತಲೆ ಮೇಲೆ 5 ಲಕ್ಷ. 1 ಲಕ್ಷ ಕಾರು ಮಾರಿದರೆ 50,000 ಅಷ್ಟೆ. ಇದಿನ್ನೂ ಸಾಮಾನು, ಕೂಲಿ ಯಾವುದೂ ಸೇರದ ಲೆಕ್ಕ.

ಇನ್ನು ಪೇಂಟ್ ಶಾಪ್. ಅದರ ಒಲೆ ಕುಲುಮೆಯ ಥರ. ಬೇಕಾದಾಗ ಹಚ್ಚಿ ಬೇಡದಾಗ ಆರಿಸಲಿಕ್ಕೆ ಆಗಲ್ಲ. ಕಾರು ಕಡಿಮೆ ಬಂದರೂ ಗಾಳಿ, ಬಿಸಿ, ಜನ ಎಲ್ಲ ಅಷ್ಟೇ ಬೇಕು. ಅದಕ್ಕೇ ಕಾರ್ಖಾನೆ ತುಂಬಿರಬೇಕು. ನಮ್ಮ ಬಿಡದಿಯ ಟೊಯೊಟಾದ ಎರಡು ಪ್ಲಾಂಟ್ ಸೇರಿ ವರ್ಷಕ್ಕೆ 3 ಲಕ್ಷಕ್ಕಿಂತ ಜಾಸ್ತಿ ಕಾರು ಮಾಡುವಷ್ಟು ದೊಡ್ಡವು. ಸ್ಪೋರ್ಟ್ಸ್ ಕಾರಿಗೆ ಅಂತಲೇ ಆ ಅಳತೆಯ ಪ್ಲಾಂಟ್ ಕಟ್ಟಿದರೆ ತಿಂಗಳಲ್ಲಿ ಮೂರೇ ದಿನ ಕೆಲಸ ಇರುತ್ತೆ.

ಮುಂದಿನದ್ದು ಕೌಲ್ ಬಜಾರಿನ ಅಣ್ಣ ಹೇಳಲಿ. ಈ ವಿಷಯ ಅವರಿಗೆ ಕರಗತ.

ಕೌಲ್ ಬಜಾರ್ ಡೆನಿಮ್:

ತಮ್ಮಾ, ನಿನ್ನ ಪ್ರಶ್ನೆ ಓದಿ ಬಹಳ ಖುಷಿ ಆಯಿತು. ನಾನು ಇಪ್ಪತ್ತಾರು ವರ್ಷದಿಂದ ಜೀನ್ಸ್ ಹೊಲಿಸುತ್ತಿದ್ದೇನೆ. ಕಾರಿನ ಹುಚ್ಚು ಅದಕ್ಕಿಂತ ಹಳೆಯದು. ನಿನ್ನ ಪ್ರಶ್ನೆಗೆ ಉತ್ತರ ನನಗೆ ಕಾರಿನ ಪತ್ರಿಕೆಯಿಂದ ಸಿಗಲಿಲ್ಲ, ವಾಷಿಂಗ್ ಯೂನಿಟ್ಟಿನಿಂದ ಸಿಕ್ಕಿತು. ಅದನ್ನೇ ಮೊದಲು ಹೇಳುತ್ತೇನೆ.

ಶುರುವಿನಲ್ಲಿ ನಂದು ಹನ್ನೆರಡು ಮಷಿನ್. ಹೊಲಿಗೆ ಚೆನ್ನಾಗಿ ನಡೆಯುತ್ತಿತ್ತು. ವಾಷಿಂಗ್ ಮಾತ್ರ ಹೊರಗೆ ಕೊಡಬೇಕಿತ್ತು. ಅಲ್ಲಿ ಸರದಿ ಕಾಯಬೇಕು, ಕಲರ್ ಒಮ್ಮೊಮ್ಮೆ ಹೆಚ್ಚು ಕಡಿಮೆ ಆಗುತ್ತಿತ್ತು. ನಂದೇ ಒಂದು ವಾಷಿಂಗ್ ಇದ್ದರೆ ಯಾರ ಹಂಗೂ ಬೇಡ ಅಂತ ಸಾಲ ಮಾಡಿ ಎರಡು ಡ್ರಮ್, ಒಂದು ಡ್ರೈಯರ್, ಸೌದೆ ಬಾಯ್ಲರ್ ಹಾಕಿದೆ. ನೀರಿಗೆ ಟ್ಯಾಂಕರ್. ಬಳಸಿದ ನೀರು ಶುದ್ಧ ಮಾಡಲಿಕ್ಕೆ ತೊಟ್ಟಿ. ನನ್ನ ಮಾಲು ವಾರಕ್ಕೆ ಎರಡು ದಿನಕ್ಕೆ ಸಾಕಾಗುವಷ್ಟು. ಮುನ್ನೂರು ಪೀಸಿಗೆ ಅಂತ ಬಾಯ್ಲರ್ ಹಚ್ಚಿದರೂ ಸೌದೆ ಅಷ್ಟೇ ಸುಡುತ್ತೆ. ಆಪರೇಟರಿಗೆ ಆರು ದಿನದ ಸಂಬಳ ಕೊಡಲೇಬೇಕು. ನಾಲ್ಕು ವರ್ಷ ಎಳೆದು ಕೊನೆಗೆ ಮಾರಿದೆ. ಹೆಂಡತಿಯ ಬಳೆ ಬಿಡಿಸಲಿಕ್ಕೆ ಇನ್ನೂ ಎರಡು ವರ್ಷ ಆಯಿತು.

ಈಗ ಮುಂಡರಗಿ ಕಡೆ ಒಂದು ವಾಷಿಂಗಿಗೆ ಕೊಡುತ್ತೇನೆ. ಅಲ್ಲಿ ಒಂದೇ ಡ್ರಮ್ಮಿನಲ್ಲಿ ಮೂರು ಪಾರ್ಟಿಯ ಪ್ಯಾಂಟ್ ಒಟ್ಟಿಗೆ ತಿರುಗುತ್ತವೆ. ಗುರುತಿಗೆ ಬೆಲ್ಟಿನ ಲೂಪಿಗೆ ಒಂದು ಬಟ್ಟೆ ಪಟ್ಟಿ ಕಟ್ಟಿರುತ್ತಾರೆ. ಹಳದಿ ಪಟ್ಟಿ ನಂದು. ಬಿಳಿ ಪಟ್ಟಿ ಇನ್ನೊಬ್ಬರದ್ದು. ಹೊರಗೆ ಬಂದ ಮೇಲೆ ಪಟ್ಟಿ ನೋಡಿ ಬೇರೆ ಮಾಡುತ್ತಾರೆ, ಅವರವರ ಲೆದರ್ ಪ್ಯಾಚು, ಅವರವರ ಲೇಬಲ್ಲು. ಬಾಯ್ಲರ್ ದಿನಾ ತುಂಬು ಕೆಲಸ ಮಾಡುತ್ತೆ. ನನಗೆ ಪೀಸಿಗೆ ಇಷ್ಟು ಅಂತ ಕೊಟ್ಟರೆ ಮುಗಿಯಿತು.

ನೀನು ಕೂತಿದ್ದ ಆ ಝಡ್4 ಇದೆಯಲ್ಲ, ಅದು ಇದೇ ಥರದ್ದು. ಆಸ್ಟ್ರಿಯಾದ ಗ್ರಾಟ್ಸ್ ಊರಲ್ಲಿ ಮ್ಯಾಗ್ನಾ ಸ್ಟೇಯರ್ ಅಂತ ಕಂಪನಿ. ಅದಕ್ಕೆ ಸ್ವಂತ ಹೆಸರಿನ ಕಾರೇ ಇಲ್ಲ. ಬೇರೆಯವರ ಕಾರು ಮಾಡಿಕೊಡುವುದೇ ಅದರ ಕಸುಬು. ಮರ್ಸಿಡಿಸ್ ಜಿ ಕ್ಲಾಸ್ ದಶಕಗಳಿಂದ ಅಲ್ಲೇ ಆಗುತ್ತಿದೆ. ಜಾಗ್ವಾರ್ ಐ ಪೇಸ್ ಕೂಡ ಅಲ್ಲೇ ಆಗಿದ್ದು. ಅದೇ ಕಾರ್ಖಾನೆಗೆ ಬಿಎಂಡಬ್ಲ್ಯು ಝಡ್4 ಕೊಟ್ಟಿತು, ಟೊಯೊಟಾ 2019ರ ಸುಪ್ರಾ ಕೊಟ್ಟಿತು. ಎರಡಕ್ಕೂ ತಳ ಒಂದೇ. 3 ಲೀಟರಿನ ಆರು ಸಿಲಿಂಡರ್ ಎಂಜಿನ್ ಬಿಎಂಡಬ್ಲ್ಯುದು. ಆ ಎಂಜಿನ್ ವಂಶ ಬಿಎಂಡಬ್ಲ್ಯುವಿನ ಎಷ್ಟೋ ಕಾರಿನಲ್ಲಿದೆ. ಚೆನ್ನೈಯಲ್ಲಿ ಜೋಡಿಸುವ ಎಂ340ಐನಲ್ಲೂ ಅದೇ. ಅಂದರೆ ಎಂಜಿನ್ನಿನ ಖರ್ಚು ಆಗಲೇ ಸೆಡಾನು, ಎಸ್‌ಯುವಿ ಕೊಂಡವರಿಂದ ಬಂದಿದೆ. ಸ್ಪೋರ್ಟ್ಸ್ ಕಾರು ತನ್ನ ಬಾಡಿ, ತನ್ನ ಟ್ಯೂನಿಂಗಿನ ಖರ್ಚು ಹೊತ್ತರೆ ಸಾಕು, ಅದನ್ನೂ ಇಬ್ಬರು ಹಂಚಿಕೊಂಡರು.

ಟೊಯೊಟಾದ ಚೀಫ್ ಎಂಜಿನಿಯರ್ ತೆತ್ಸುಯಾ ತಾದಾ ಅಂತ. ಸುಪ್ರಾಗೆ ಮುಂಚೆ 86 ಅನ್ನುವ ಕಾರನ್ನು ತಂದವರೂ ಅವರೇ. ಅದರ ಕಥೆ ಇನ್ನೂ ಚೆಂದ. 2012ರಲ್ಲಿ ಬಂತು. ಪ್ಲಾನು, ಡಿಸೈನು ಟೊಯೊಟಾದ್ದು. ಎಂಜಿನ್ ಸುಬಾರುದ ಬಾಕ್ಸರ್, ಅದರ ಪಿಸ್ಟನ್ನುಗಳು ಮೇಲೆ ಕೆಳಗೆ ಆಡದೆ ಅಡ್ಡಡ್ಡ ಆಡುತ್ತವೆ. ಅದಕ್ಕೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಟೊಯೊಟಾದ್ದು. ಕಾರು ತಯಾರಾಗಿದ್ದು ಜಪಾನಿನ ಓಟಾ ಊರಿನ ಸುಬಾರು ಕಾರ್ಖಾನೆಯಲ್ಲಿ. ಅಲ್ಲಿಂದ ಒಂದು ಟೊಯೊಟಾ 86 ಆಗಿ ಹೊರಗೆ ಬಂದರೆ ಇನ್ನೊಂದು ಸುಬಾರು ಬಿಆರ್‌ಝಡ್ ಆಗಿ ಬರುತ್ತೆ. ಅಮೆರಿಕದಲ್ಲಿ ಮೊದಲು ಸಯಾನ್ ಎಫ್‌ಆರ್-ಎಸ್ ಅಂತ ಮೂರನೇ ಹೆಸರೂ ಇತ್ತು. ಬಂಪರ್ ಬೇರೆ, ಸಸ್ಪೆನ್ಷನ್ ಸೆಟ್ಟಿಂಗ್ ಬೇರೆ. 2021ರಲ್ಲಿ ಎರಡನೇ ತಲೆಮಾರು ಬಂತು, ಎಂಜಿನ್ 2.4 ಲೀಟರ್ ಆಯಿತು. ಒಬ್ಬೊಬ್ಬರೇ ಹೊರಟಿದ್ದರೆ ಎರಡನೇ ತಲೆಮಾರು ಇರುತ್ತಿರಲಿಲ್ಲ ಅಂತ ನಾನು ಖಂಡಿತ ನಂಬುತ್ತೇನೆ.

ಈಗ ಉಲ್ಟಾ ಉದಾಹರಣೆ. ಹೋಂಡಾ ಎನ್‌ಎಸ್‌ಎಕ್ಸ್. ಎರಡನೇ ತಲೆಮಾರಿಗೆ ಅಂತಲೇ ಅಮೆರಿಕದ ಓಹಾಯೊದಲ್ಲಿ ಪ್ರತ್ಯೇಕ ಚಿಕ್ಕ ಕಾರ್ಖಾನೆ ಕಟ್ಟಿದರು. ನೂರರಷ್ಟು ಜನ, ಎಲ್ಲ ಪಳಗಿದ ಕೈಗಳು. ಕಾರು ಅಪರೂಪದ್ದು. ಆದರೆ 2016ರಿಂದ 2022ರವರೆಗೆ ಆಗಿದ್ದು 3,000 ಕೂಡ ಇಲ್ಲ. ನಡುವೆ ಆ ಕಾರ್ಖಾನೆಗೆ ಕೆಲಸ ಕೊಡಲಿಕ್ಕೆ ಹೋಂಡಾದ್ದೇ ಬ್ರಾಂಡ್ ಆದ ಅಕ್ಯೂರಾದ ಸೆಡಾನಿನ ಸ್ಪೆಷಲ್ ಎಡಿಷನ್ ಮಾಡಿದರು. ಅದನ್ನು ಓದಿದಾಗ ನನಗೆ ನನ್ನ ಬಾಯ್ಲರ್ ನೆನಪಾಯಿತು. ನಾನೂ ಕೊನೆ ವರ್ಷ ಬೇರೆಯವರ ಪ್ಯಾಂಟು ತಂದು ತೊಳೆಯುತ್ತಿದ್ದೆ. ಅಷ್ಟು ಹೊತ್ತಿಗೆ ತಡ ಆಗಿತ್ತು.

ಪೋರ್ಷೆ ಗೊತ್ತಲ್ವಾ? 1990ರ ದಶಕದ ಶುರುವಿನಲ್ಲಿ ಮುಳುಗುವ ಹಂತಕ್ಕೆ ಬಂದಿತ್ತು. 1996ರಲ್ಲಿ ಬಾಕ್ಸ್‌ಸ್ಟರ್ ತಂದರು. ಅದರ ಹೆಡ್‌ಲೈಟು, ಬಾಗಿಲು, ಮುಂಭಾಗ ಬಹುಪಾಲು ಅದರ ಹಿಂದೆಯೇ ಬಂದ ಪೋರ್ಷೆಯ ಇನ್ನೊಂದು ಕಾರು, ಹೊಸ 911ರದ್ದೇ. ಬೇಡಿಕೆ ಜಾಸ್ತಿ ಆದಾಗ ಜರ್ಮನಿಯಲ್ಲಿ ಹೊಸ ಪ್ಲಾಂಟ್ ಕಟ್ಟಲಿಲ್ಲ. ಫಿನ್‌ಲ್ಯಾಂಡಿನ ವಾಲ್ಮೆಟ್ ಅನ್ನುವ ಕಂಪನಿಗೆ ಜಾಬ್ ವರ್ಕ್ ಕೊಟ್ಟರು. ಅಲ್ಲಿ ಮುಂಚೆ ಸಾಬ್ ಕಾರು ಆಗುತ್ತಿತ್ತು. 1997ರಿಂದ 2011ರವರೆಗೆ 2 ಲಕ್ಷಕ್ಕಿಂತ ಜಾಸ್ತಿ ಪೋರ್ಷೆ ಕಾರು ಫಿನ್‌ಲ್ಯಾಂಡಿನಿಂದ ಹೊರಟವು. ಆಮೇಲೆ ಅದೇ ಕಾರ್ಖಾನೆ ಮರ್ಸಿಡಿಸ್ ಎ ಕ್ಲಾಸ್ ಮಾಡಿತು.

ಊಟದ ಹೊತ್ತಾಯಿತು, ಹುಡುಗರು ಕಾಯುತ್ತಿದ್ದಾರೆ. ಮಿಯಾಟಾ ಬಗ್ಗೆ ಸಂಜೆ ಬರೆಯುತ್ತೇನೆ.

ಕುಡತಿನಿ ಹುಡುಗ:

ಅಣ್ಣಾ, ಹಳದಿ ಪಟ್ಟಿ ಓದಿದ ತಕ್ಷಣ ಅರ್ಥ ಆಯಿತು. ಆದರೆ ಮನಸ್ಸಿಗೆ ಸ್ವಲ್ಪ ಬೇಜಾರೂ ಆಯಿತು. ಸುಪ್ರಾ ಅಂದರೆ ಜಪಾನಿನದ್ದು ಅಂತ ನಾವು ಹಾಸ್ಟೆಲಿನಲ್ಲಿ ಪೋಸ್ಟರ್ ಅಂಟಿಸಿಕೊಂಡಿದ್ದೇವೆ. ಎಂಜಿನ್ ಜರ್ಮನಿಯದ್ದು, ಕಾರ್ಖಾನೆ ಆಸ್ಟ್ರಿಯಾದ್ದು ಅಂದಮೇಲೆ ಅದು ಟೊಯೊಟಾ ಹೇಗಾಗುತ್ತೆ? ಇನ್ನೊಂದು. ಇಬ್ಬರು ಸೇರಿ ಮಾಡಿದಾಗ ಒಬ್ಬರು ಸಾಕು ಅಂದರೆ ಇನ್ನೊಬ್ಬರ ಗತಿ ಏನು?

ಕೌಲ್ ಬಜಾರ್ ಡೆನಿಮ್:

ಮೊದಲನೆಯದಕ್ಕೆ ನನ್ನ ಉತ್ತರ: ನಾನು ಹೊಲಿಸಿದ ಪ್ಯಾಂಟಿನ ಜಿಪ್ಪು, ರಿವೆಟ್ಟು, ಗುಂಡಿ ಎಲ್ಲ ಬಳ್ಳಾರಿಯ ಉಳಿದವರು ಕೊಳ್ಳುವ ಅಂಗಡಿಯಿಂದಲೇ ಬರುತ್ತವೆ. ಆದರೂ ತೊಡೆ ಎಷ್ಟು ಬಿಗಿ ಇರಬೇಕು, ಸೊಂಟ ಹಿಂದೆ ಎಷ್ಟು ಎತ್ತರ ಇರಬೇಕು ಅಂತ ಪ್ಯಾಟರ್ನ್ ಕತ್ತರಿಸುವವನು ನಾನು. ಗಿರಾಕಿ ಹಾಕಿಕೊಂಡು ಕೂತು ಎದ್ದಾಗ ಗೊತ್ತಾಗುವುದು ಅದೇ. ಸುಪ್ರಾ ಓಡಿಸಿದವರು, ಝಡ್4 ಓಡಿಸಿದವರು ಎರಡೂ ಬೇರೆ ಬೇರೆ ಕಾರು ಅಂತಲೇ ಹೇಳುತ್ತಾರೆ. ಒಂದಕ್ಕೆ ಗಟ್ಟಿ ಟಾಪು, ಇನ್ನೊಂದಕ್ಕೆ ಬಟ್ಟೆ ಟಾಪು. ಟ್ಯೂನಿಂಗ್ ಬೇರೆ. ಪೋಸ್ಟರ್ ಕೀಳಬೇಡ.

ಎರಡನೆಯದು ಬಹಳ ಮುಖ್ಯದ ಪ್ರಶ್ನೆ. ಇದರಲ್ಲಿ ಮನೆ ಯಾರದ್ದು, ಬಾಡಿಗೆಗೆ ಬಂದವರು ಯಾರು ಅನ್ನುವುದು ನೋಡಬೇಕು. ಮಿಯಾಟಾ ತೆಗೆದುಕೋ. ಅದು ಆಗುವುದು ಹಿರೋಷಿಮಾದಲ್ಲಿ, ಮಾಜ್ದಾದ ಸ್ವಂತ ಕಾರ್ಖಾನೆಯಲ್ಲಿ. ಆದರೆ ಅದಕ್ಕೆ ಅಂತ ಬೇರೆ ಲೈನ್ ಇಲ್ಲ. ಬೇರೆ ಮಾಜ್ದಾ ಕಾರುಗಳು ಹೋಗುವ ಸಾಲಿನಲ್ಲೇ ನಡುನಡುವೆ ಇದೂ ಹೋಗುತ್ತೆ. ಈ ತಿಂಗಳು ಮಿಯಾಟಾ ಆರ್ಡರ್ ಕಡಿಮೆ ಬಂತು ಅನ್ನು, ಸಾಲಿನಲ್ಲಿ ಬೇರೆ ಕಾರು ಜಾಸ್ತಿ ಬಿಡುತ್ತಾರೆ. ಯಾರೂ ಸುಮ್ಮನೆ ಕೂರುವುದಿಲ್ಲ. ಎಂಜಿನ್ನೂ ಮಾಜ್ದಾದ ಸಾಮಾನ್ಯ ಕಾರುಗಳಲ್ಲಿ ಇರುವ 1.5, 2 ಲೀಟರ್ ವಂಶದ್ದೇ. ಉದ್ದುದ್ದ ಕೂರಿಸಿ ಹಿಂದಿನ ಚಕ್ರಕ್ಕೆ ಜೋಡಿಸಿದ್ದಾರೆ, ಟ್ಯೂನ್ ಮಾಡಿದ್ದಾರೆ.

ಇದರ ಮೇಲೆ ಫಿಯಾಟ್ ಬಂತು. 2016ರಲ್ಲಿ ಫಿಯಾಟ್ 124 ಸ್ಪೈಡರ್ ಅಂತ ಒಂದು ಕಾರು. ತಳ ಮಿಯಾಟಾದ್ದು. ಎಂಜಿನ್ ಮಾತ್ರ ಫಿಯಾಟಿನ 1.4 ಟರ್ಬೊ, ಇಟಲಿಯಿಂದ ಹಡಗಿನಲ್ಲಿ ಹಿರೋಷಿಮಾಗೆ ಬಂದು, ಅಲ್ಲಿ ಕಾರಿಗೆ ಕೂತು, ಮತ್ತೆ ಹಡಗು ಹತ್ತಿ ಯುರೋಪಿಗೆ, ಅಮೆರಿಕಕ್ಕೆ. ಶುರುವಿನಲ್ಲಿ ಆ ಕಾರು ಆಲ್ಫಾ ರೋಮಿಯೊ ಆಗಬೇಕಿತ್ತು. ಆಲ್ಫಾ ಕಾರು ಇಟಲಿಯಲ್ಲೇ ಆಗಬೇಕು ಅಂತ ಅವರ ಮುಖ್ಯಸ್ಥ ಸೆರ್ಜಿಯೊ ಮಾರ್ಕಿಯೊನ್ನೆ ಹಟ ಹಿಡಿದಿದ್ದಕ್ಕೆ ಫಿಯಾಟ್ ಆಯಿತು. 2020ರ ಹೊತ್ತಿಗೆ ಫಿಯಾಟ್ ನಿಲ್ಲಿಸಿತು. ಮಿಯಾಟಾಗೆ ಏನೂ ಆಗಲಿಲ್ಲ. ಅದು ಮನೆಯವರ ಕಾರು. ಬಾಡಿಗೆಯವರು ಇದ್ದಷ್ಟು ದಿನ ಖರ್ಚಿನಲ್ಲಿ ಪಾಲು ಕೊಟ್ಟು ಹೋದರು.

ಸುಪ್ರಾ, ಝಡ್4 ಹಾಗಲ್ಲ. ಇಬ್ಬರೂ ಗ್ರಾಟ್ಸ್‌ನಲ್ಲಿ ಬಾಡಿಗೆಗೆ ಇದ್ದವರೇ. ಒಬ್ಬರು ಎದ್ದರೆ ಪೂರ್ತಿ ಬಾಡಿಗೆ ಇನ್ನೊಬ್ಬರ ತಲೆಗೆ. ಎರಡರ ತಯಾರಿಯೂ 2026ರಲ್ಲಿ ಮುಗಿಯುತ್ತೆ ಅಂತ ಕಂಪನಿಗಳು ಹೇಳಿದ್ದವು. ನೀನು ಕೂತಿದ್ದು ಕೊನೆಯವುಗಳಲ್ಲಿ ಒಂದು ಅಂತ ತಿಳಿದುಕೋ.

ಸಿಂಧನೂರು ಕಟಾವು:

ನಮಸ್ಕಾರ. ನಾವು ಭತ್ತ ಕೊಯ್ಯುವ ಮಷಿನ್ ಇಟ್ಟುಕೊಂಡವರು. ಮನೆಯವರು ಮಷಿನ್ ಜತೆ ಊರೂರು ತಿರುಗುತ್ತಾರೆ, ಲೆಕ್ಕ ಪತ್ರ ಎಲ್ಲಾ ನಾನೇ ನೋಡುವುದು. ಕಾರ್ಖಾನೆ ಹಂಚಿಕೊಳ್ಳುವ ವಿಷಯ ಅಣ್ಣೋರು ಚೆನ್ನಾಗಿ ಹೇಳಿದ್ದಾರೆ. ಇನ್ನರ್ಧ ಉಳಿದಿದೆ, ಅದನ್ನು ನಾನು ಹೇಳಲಾ?

ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ ಭಾಗದಲ್ಲಿ ಕೊಯ್ಲು ಅಂದರೆ ನವೆಂಬರ್ ಡಿಸೆಂಬರ್. ಎರಡನೇ ಬೆಳೆಗೆ ನೀರು ಬಿಟ್ಟರೆ ಏಪ್ರಿಲ್ ಮೇ. ಮಷಿನ್ನಿನ ಕಂತು ಮಾತ್ರ ಹನ್ನೆರಡು ತಿಂಗಳೂ. ಸಿಂಧನೂರು ಒಂದನ್ನೇ ನಂಬಿಕೊಂಡರೆ ಎರಡನೇ ವರ್ಷಕ್ಕೆ ಮಷಿನ್ ಬ್ಯಾಂಕಿನವರ ಅಂಗಳದಲ್ಲಿ ಇರುತ್ತೆ. ಅದಕ್ಕೇ ಇಲ್ಲಿ ಮುಗಿದ ಕೂಡಲೇ ಚೈನ್ ಮಷಿನ್ ಲಾರಿ ಮೇಲೆ ಹತ್ತಿಸಿ ತಂಜಾವೂರು ಕಡೆ ಹೋಗುತ್ತಾರೆ. ಅಲ್ಲಿ ಪೊಂಗಲ್ ಹೊತ್ತಿಗೆ ಕೊಯ್ಲು. ಆಮೇಲೆ ತೆಲಂಗಾಣ. ಒಂದೊಂದು ಊರಲ್ಲಿ ಇಪ್ಪತ್ತು ಮೂವತ್ತು ದಿನದ ಕೆಲಸ. ಎಲ್ಲ ಸೇರಿದರೆ ವರ್ಷ ತುಂಬುತ್ತೆ.

ಸ್ಪೋರ್ಟ್ಸ್ ಕಾರಿನದ್ದೂ ಇದೇ ಅಲ್ವಾ? ಒಂದೇ ದೇಶದಲ್ಲಿ ಎರಡು ಸೀಟಿನ ಕಾರು ಕೊಳ್ಳುವವರು ಎಷ್ಟು ಜನ ಇರುತ್ತಾರೆ? ಮಿಯಾಟಾ 2016ರ ಏಪ್ರಿಲ್‌ನಲ್ಲಿ 10 ಲಕ್ಷ ಕಾರಿನ ಲೆಕ್ಕ ಮುಟ್ಟಿತು. 27 ವರ್ಷಕ್ಕೆ ಭಾಗ ಮಾಡಿದರೆ ವರ್ಷಕ್ಕೆ ಸರಾಸರಿ 37 ಸಾವಿರ. ಅದೂ ಜಪಾನು, ಅಮೆರಿಕ, ಜರ್ಮನಿ, ಇಂಗ್ಲೆಂಡು, ಆಸ್ಟ್ರೇಲಿಯಾ ಎಲ್ಲ ಸೇರಿ. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇದೇ ಗಿನ್ನೆಸ್ ದಾಖಲೆ. ದಾಖಲೆ ಮಾಡಿದ ಕಾರಿಗೇ ಇಷ್ಟು ಅಂದರೆ ಉಳಿದವಕ್ಕೆ ಎಷ್ಟು ಅಂತ ನೀವೇ ಅಂದಾಜು ಮಾಡಿ.

ನನ್ನ ತಮ್ಮ ಹೇಳಿದ್ದು ಇನ್ನೊಂದು ಇದೆ. ಅಮೆರಿಕದ ಸ್ಪೋರ್ಟ್ಸ್ ಕಾರು ಕಾರ್ವೆಟ್ 1953ರಿಂದ ಬರುತ್ತಿದೆ. ಆದರೆ ಬಲಗಡೆ ಸ್ಟೀರಿಂಗ್ ಇರುವ ಕಾರ್ವೆಟ್ ಕಾರ್ಖಾನೆಯಿಂದಲೇ ಬಂದಿದ್ದು ಎಂಟನೇ ತಲೆಮಾರಿನಲ್ಲಿ, ಮೊನ್ನೆ ಮೊನ್ನೆ. ಈಗ ಅದು ಜಪಾನಿಗೂ ಆಸ್ಟ್ರೇಲಿಯಾಕ್ಕೂ ಇಂಗ್ಲೆಂಡಿಗೂ ನೇರ ಹೋಗುತ್ತೆ. ಸ್ಟೀರಿಂಗ್ ಆ ಕಡೆ ಈ ಕಡೆ ಮಾಡಲಿಕ್ಕೆ ಖರ್ಚಿದೆ. ಆದರೂ ಮಾಡಿದರು ಅಂದರೆ ಆ ಗಿರಾಕಿಗಳು ಬೇಕಿತ್ತು.

ಊರೂರು ತಿರುಗುವುದರಲ್ಲಿ ಕಷ್ಟವೂ ಇದೆ. ಒಂದೊಂದು ರಾಜ್ಯದ ಗಡಿಯಲ್ಲಿ ಒಂದೊಂದು ಕಾಗದ ಕೇಳುತ್ತಾರೆ. ಕಾರಿಗೂ ಹಾಗೇ. ಯುರೋಪಿನಲ್ಲಿ 2024ರ ಜುಲೈನಿಂದ ಹೊಸ ಸುರಕ್ಷತಾ ನಿಯಮ ಬಂತು. ಅದಕ್ಕೆ ತಕ್ಕಂತೆ ಮಾರ್ಪಾಡು ಮಾಡಲಿಕ್ಕೆ ಅಲ್ಲಿನ ಮಾರಾಟ ಸಾಲದು ಅಂತ ಟೊಯೊಟಾ ಜಿಆರ್86 ಅನ್ನು, ಅಂದರೆ ಅಣ್ಣೋರು ಹೇಳಿದ 86ರ ಎರಡನೇ ತಲೆಮಾರನ್ನು, ಅಲ್ಲಿ ಎರಡೇ ವರ್ಷ ಮಾರಿ ನಿಲ್ಲಿಸಿತು. ಅಮೆರಿಕ, ಜಪಾನು, ಆಸ್ಟ್ರೇಲಿಯಾದಲ್ಲಿ ಮಾರಾಟ ಮುಂದುವರಿಯಿತು. ಒಂದು ಹೊಲದಲ್ಲಿ ಮಳೆ ಬಿದ್ದು ಭತ್ತ ಮಲಗಿದರೆ ಮಷಿನ್ ಇನ್ನೊಂದು ಊರಿಗೆ ಹೋಗಿ ದುಡಿಯುತ್ತಲ್ಲ, ಹಾಗೆ. ಆ ಕಾರು ಯುರೋಪಿಗೆ ಮಾತ್ರ ಅಂತ ಮಾಡಿದ್ದಾಗಿದ್ದರೆ ಅವತ್ತೇ ಮುಗಿಯುತ್ತಿತ್ತು.

ಕೌಲ್ ಬಜಾರ್ ಡೆನಿಮ್:

ಅಕ್ಕಾ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಜೀನ್ಸ್ ಕೂಡ ಬಳ್ಳಾರಿಯವರೇ ಹಾಕಿಕೊಂಡರೆ ಎರಡು ಓಣಿ ಕೂಡ ಬದುಕುತ್ತಿರಲಿಲ್ಲ. ಹೈದರಾಬಾದು, ಮುಂಬೈ, ಕೇರಳದಿಂದ ವ್ಯಾಪಾರಿಗಳು ಬರುವುದರಿಂದ ಊರು ನಡೆಯುತ್ತಿದೆ. ಓಣಂಗೆ ಕೇರಳ, ದಸರಾಕ್ಕೆ ನಾವು, ರಂಜಾನಿಗೆ ಹೈದರಾಬಾದು.

ತಮ್ಮನ ಕೊನೆ ಪ್ರಶ್ನೆ ಉಳಿದಿತ್ತು, ನಮ್ಮಲ್ಲಿ ಯಾಕೆ ನಿಲ್ಲಲಿಲ್ಲ ಅಂತ. ಪ್ರಯತ್ನ ಆಗಿವೆ. 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಅಂತ ಎರಡು ಸೀಟಿನ ಕಾರು ಬಂತು. ಫೈಬರ್ ಬಾಡಿ, ರೆನೊದ 1.2 ಲೀಟರ್ ಎಂಜಿನ್. ಮಾಲು ಕೊಡಲಿಕ್ಕೆ ಮಡಗಾಂವ್‌ಗೆ ಹೋದಾಗ ಒಂದನ್ನು ನೋಡಿದ್ದೆ. ಮೀನಿನ ಮಾರ್ಕೆಟ್ ಪಕ್ಕ ನಿಂತಿತ್ತು, ನೀಲಿ ಬಣ್ಣ. ಲಾರಿಯವನನ್ನು ಕಾಯಲಿಕ್ಕೆ ಹೇಳಿ ಸುತ್ತ ಮೂರು ಸುತ್ತು ಹಾಕಿದೆ. ಬಾಗಿಲಿನ ಸಂದು ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಆದರೆ ಆಕಾರ ಎಷ್ಟು ಮುದ್ದಾಗಿತ್ತು. ಎಂಜಿನ್ ಬೇರೆಯವರಿಂದ ತಂದರು, ಅದು ಸರಿ. ಲೈನ್ ತುಂಬಿಸುವ ಇನ್ನೊಂದು ಕಾರು ಪಕ್ಕದಲ್ಲಿ ಇರಲಿಲ್ಲ, ಹತ್ತು ದೇಶದ ಗಿರಾಕಿಗಳೂ ಇರಲಿಲ್ಲ.

2017ರಲ್ಲಿ ಟಾಟಾ ಜಿನೀವಾ ಮೋಟಾರ್ ಶೋನಲ್ಲಿ ರೇಸ್ಮೊ ಅನ್ನುವ ಎರಡು ಸೀಟಿನ ಕಾರು ತೋರಿಸಿತು. ಇವರ ಹತ್ತಿರ ಕಾರ್ಖಾನೆ, ಎಂಜಿನ್ ಎರಡೂ ಇತ್ತು. 1.2 ಟರ್ಬೊ, ಮನೆಯದ್ದೇ. ನಾನು ಆ ಚಿತ್ರ ಕಟಿಂಗ್ ಟೇಬಲ್ ಮೇಲಿನ ಗೋಡೆಗೆ ಅಂಟಿಸಿದ್ದೆ. ಕಾರು ಮಾರುಕಟ್ಟೆಗೆ ಬರಲೇ ಇಲ್ಲ. ನನಗೆ ಇವತ್ತಿಗೂ ಅದು ಸಂಕಟ.

ಆದರೆ ದಾರಿ ಇಲ್ಲ ಅಂತ ನಾನು ಒಪ್ಪುವುದಿಲ್ಲ. ಬೈಕಿನಲ್ಲಿ ನಾವು ಆಗಲೇ ಮಾಡಿ ತೋರಿಸಿದ್ದೇವೆ. ಹೊಸೂರಿನ ಟಿವಿಎಸ್ ಕಾರ್ಖಾನೆಯಲ್ಲಿ ಬಿಎಂಡಬ್ಲ್ಯು ಜಿ 310 ಆರ್ ತಯಾರಾಗಿ ಪರದೇಶಕ್ಕೆಲ್ಲ ಹೋಯಿತು. ಅದೇ ಎಂಜಿನ್ ಮೇಲೆ 2017ರ ಕೊನೆಗೆ ಅಪಾಚೆ ಆರ್‌ಆರ್ 310 ಬಂತು. ಬರೀ ನಮ್ಮ ದೇಶದ ಗಿರಾಕಿಗಳಿಗೆ ಅಂತ ಆಗಿದ್ದರೆ ಆ ಎಂಜಿನ್ ಹುಟ್ಟುತ್ತಿತ್ತಾ? ಕಾರಿನಲ್ಲೂ ಬಿಡದಿಯ ಒಂದೇ ಕಾರ್ಖಾನೆಯಿಂದ ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಎರಡೂ ಬಂದಿವೆ. ಅಂದರೆ ಹಂಚಿಕೊಂಡು ಮಾಡುವ ರೂಢಿ ನಮ್ಮವರ ಕೈಗೆ ಬಂದಿದೆ. ಅದೇ ಥರ ಇಬ್ಬರು ಸೇರಿ ಹಿಂದಿನ ಚಕ್ರಕ್ಕೆ ಓಟ ಕೊಡುವ ಹಗುರ ಕಾರೊಂದನ್ನು ಇಲ್ಲಿಂದ ಆಫ್ರಿಕಾ, ಆಸ್ಟ್ರೇಲಿಯಾ, ಇಂಗ್ಲೆಂಡಿಗೆ ಕಳಿಸುವಂತೆ ಮಾಡಿದರೆ, ನಮಗೂ ನಾಲ್ಕು ಸಾವಿರ ಕಾರು ಉಳಿದಾವು. ಪೂರ್ತಿ ಕಾರು ಆಮದು ಮಾಡಿಕೊಂಡರೆ ಸುಂಕವೇ ಜಾಸ್ತಿ ಬೀಳುತ್ತೆ.

ತೋರಣಗಲ್ಲು ಶಿಫ್ಟ್:

ಅಣ್ಣಾ, ಚಿಕ್ಕ ಕಂಪನಿ ತನ್ನ ಕಾರ್ಖಾನೆಯನ್ನೇ ಬಾಡಿಗೆಗೆ ಕೊಟ್ಟಿದ್ದೂ ಇದೆಯಲ್ಲ? ಇಂಗ್ಲೆಂಡಿನ ಲೋಟಸ್. ತನ್ನ ಎಲೀಸ್ ಕಾರು ಮಾಡುತ್ತಿದ್ದ ಹೆಥೆಲ್ ಕಾರ್ಖಾನೆಯಲ್ಲೇ 2000ದಿಂದ ಓಪೆಲ್‌ಗೆ ಸ್ಪೀಡ್‌ಸ್ಟರ್ ಮಾಡಿಕೊಟ್ಟರು. ಆಮೇಲೆ ಟೆಸ್ಲಾದ ಮೊದಲ ರೋಡ್‌ಸ್ಟರಿನ ಬಾಡಿ ಅಲ್ಲಿ ಜೋಡಿಸಿ, ಬ್ಯಾಟರಿ ಮೋಟಾರು ಹಾಕಲಿಕ್ಕೆ ಅಮೆರಿಕಕ್ಕೆ ಕಳಿಸಿದರು. 2008ರಿಂದ 2012ರವರೆಗೆ ಆಗಿದ್ದು 2,450 ಆಸುಪಾಸು. ಅಷ್ಟೇ ಕಾರಿಗೆ ಟೆಸ್ಲಾ ಆಗ ಸ್ವಂತ ಪ್ಲಾಂಟ್ ಕಟ್ಟಲಿಕ್ಕೆ ಹೊರಟಿದ್ದರೆ ಇವತ್ತು ಆ ಹೆಸರು ನಮಗೆ ಗೊತ್ತಿರುತ್ತಿರಲಿಲ್ಲ.

ಕುಡತಿನಿ ಹುಡುಗ:

ಎಲ್ಲರಿಗೂ ಕೈ ಮುಗಿದು ಧನ್ಯವಾದ. ನಮ್ಮ ಕೊನೆ ಸೆಮಿಸ್ಟರಿಗೆ ಪ್ರಾಜೆಕ್ಟ್ ರಿಪೋರ್ಟ್ ಬರೆಯಬೇಕು. ಇದನ್ನೇ ತೆಗೆದುಕೊಳ್ಳುತ್ತೇನೆ ಅಂತ ಸರ್‌ಗೆ ಹೇಳಿದೆ, ಒಪ್ಪಿದರು. ಕೌಲ್ ಬಜಾರ್ ಅಣ್ಣಾ, ಒಂದು ದಿನ ಆ ವಾಷಿಂಗ್ ಯೂನಿಟ್ ತೋರಿಸುತ್ತೀರಾ? ಒಂದೇ ಡ್ರಮ್ಮಿನಿಂದ ಬಂದ ಮಾಲನ್ನು ಪಟ್ಟಿ ನೋಡಿ ಬೇರೆ ಮಾಡುವುದು ಕಣ್ಣಾರೆ ನೋಡಬೇಕು. ಒಂದು ದಿನಕ್ಕೆ ಎಷ್ಟು ಪೀಸು, ಯಾರದ್ದು ಎಷ್ಟು ಅಂತ ಬರೆದುಕೊಳ್ಳುತ್ತೇನೆ.

ಕೌಲ್ ಬಜಾರ್ ಡೆನಿಮ್:

ಬುಧವಾರ ಬಾ. ಅವತ್ತು ನನ್ನ ಲಾಟು ಇರುತ್ತೆ. ಬೆಳಗ್ಗೆ ಆರಕ್ಕೆ ಬಾಯ್ಲರ್ ಹಚ್ಚುತ್ತಾರೆ, ಒಂಬತ್ತಕ್ಕೆ ಮೊದಲ ಡ್ರಮ್ ಇಳಿಯುತ್ತೆ. ಎಂಟೂವರೆಗೆ ಗೇಟಿನ ಹತ್ತಿರ ಇರು. ಹಳೇ ಬಟ್ಟೆ ಹಾಕಿಕೊಂಡು ಬಾ, ನೀಲಿ ಕಲೆ ಹೋಗಲ್ಲ.